ಅರಳು-ಮರಳಿನ ಒಳಗುಟ್ಟು: ಮುಪ್ಪಿನ ಮಿದುಳುರೋಗಗಳಲ್ಲಿ ಪ್ರೋಟೀನುಗಳ ಅಸಮತೆ ಮತ್ತು ಉರಿಯೂತ

‘ಅರವತ್ತಕ್ಕೆ ಅರಳು-ಮರಳು’ ಎಂಬ ಮಾತು ಕನ್ನಡನಾಡಿನ ಮನೆಮನೆಗಳಲ್ಲಿ ರೂಢಿಯಲ್ಲಿದೆ. ವಯಸ್ಸಾದವರು ಹೇಳಿದುದನ್ನೇ ಮತ್ತೆ ಹೇಳಿದರೆ, ಇಟ್ಟ ವಸ್ತುವನ್ನು ಮರೆತರೆ, ಮೊಮ್ಮಗನನ್ನು ಮಗನ ಹೆಸರಿನಿಂದ ಕೂಗಿದರೆ, ಮನೆಯವರು ಈ ಮಾತನ್ನಾಡಿ ನಕ್ಕು ಸುಮ್ಮನಾಗುತ್ತಾರೆ. ದ. ರಾ. ಬೇಂದ್ರೆಯವರು ತಮಗೆ ಅರವತ್ತು ತುಂಬಿದ ಸುಮಾರಿಗೆ ಹೊರತಂದ ಕವನಗಳ ಸಂಪುಟಕ್ಕೆ ಇದೇ ಹೆಸರನ್ನಿಟ್ಟರು. ಆ ಸಂಪುಟಕ್ಕೆ ೧೯೫೮ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಅರಳುವುದೂ ಮರಳಿ ಅರಳುವುದೂ ಎಂಬ ಇನ್ನೊಂದು ಅರ್ಥ ಆ ಹೆಸರಿನಲ್ಲಿ ಅಡಗಿದೆಯೆಂಬುದನ್ನು ಕಾವ್ಯಪ್ರಿಯರು ಬಲ್ಲರು.

ಕೋಲ್ಕತ್ತದಲ್ಲಿ ನೆಲೆಸಿದ ಕನ್ನಡಿಗರ ಕಿವಿಗೆ ಇಂತಹದೇ ಇನ್ನೊಂದು ಮಾತು ನೆರೆಹೊರೆಯವರಿಂದ ಬೀಳುತ್ತಲೇ ಇರುತ್ತದೆ. ಮುದುಕರ ಬುದ್ಧಿ ಹಿಡಿತ ತಪ್ಪಿದರೆ ಬಂಗಾಳಿಗಳು ‘ಭೀಮರತಿ’ ಹಿಡಿಯಿತೆನ್ನುತ್ತಾರೆ. ಇದರ ಮೂಲ ಸಂಸ್ಕೃತದ ‘ಭೀಮರಥೀ’ ಶಬ್ದ. ಎಪ್ಪತ್ತೇಳನೆಯ ವರ್ಷದ ಏಳನೆಯ ತಿಂಗಳಿನ ಏಳನೆಯ ರಾತ್ರಿಗೆ ಆ ಹೆಸರು. ಅದನ್ನು ದಾಟುವುದು ಮನುಷ್ಯನಿಗೆ ಕಷ್ಟವೆಂಬುದು ಹಳೆಯ ನಂಬಿಕೆ. ಅದೇ ಹೆಸರನ್ನು ಹೊತ್ತ ‘ಭೀಮರಥ ಶಾಂತಿ’ಯನ್ನು ಕರ್ನಾಟಕದ ಕುಟುಂಬಗಳಲ್ಲಿ ಎಪ್ಪತ್ತು ತುಂಬಿದ ಹಿರಿಯರಿಗೆ ಮಕ್ಕಳು ಮೊಮ್ಮಕ್ಕಳು ಸೇರಿ ಮಾಡುತ್ತಾರೆ. ಒಂದೆಡೆ ಪರಿಹಾಸ್ಯದ ಮಾತಾದುದು ಇನ್ನೊಂದೆಡೆ ಮಂಗಳಕಾರ್ಯದ ಹೆಸರಾಗಿರುವುದು ಭಾಷಾಭ್ಯಾಸಿಗಳಿಗೆ ಸ್ವಾರಸ್ಯವಾದ ಸಂಗತಿ.

ಆದರೆ ಈ ಎರಡು ಮಾತುಗಳಲ್ಲಿಯೂ ಒಂದು ಅಪಾಯವಿದೆ. ಬುದ್ಧಿಭ್ರಂಶವು ನರೆ ಸುಕ್ಕುಗಳಂತೆ ವಯಸ್ಸಿನ ಸಹಜಧರ್ಮವೆಂಬ ತಿಳಿವಳಿಕೆಯನ್ನು ಇವು ಬೇರೂರಿಸುತ್ತವೆ. ಸಹಜವಾದುದಕ್ಕೆ ಚಿಕಿತ್ಸೆಯನ್ನು ಯಾರೂ ಹುಡುಕುವುದಿಲ್ಲ. ವಾಸ್ತವವಾಗಿ ತೊಂಬತ್ತು ದಾಟಿದರೂ ನೆನಪು ಚೂಪಾಗಿರುವವರು ಉಂಟು. ಐವತ್ತರಲ್ಲಿಯೇ ಅದನ್ನು ಕಳೆದುಕೊಂಡವರೂ ಉಂಟು. ಆದುದರಿಂದ ವಯಸ್ಸು ರೋಗಕ್ಕೆ ಅನುಕೂಲವಾದ ನೆಲವೇ ಹೊರತು ರೋಗವೇ ಅಲ್ಲ. ಆ ನೆಲದಲ್ಲಿ ಬೆಳೆಯುವುದೇನು ಎಂಬ ಪ್ರಶ್ನೆಗೆ ಒಂದು ಶತಮಾನಕ್ಕೂ ಮಿಕ್ಕಿದ ಸಂಶೋಧನೆ ಕೊಟ್ಟಿರುವ ಉತ್ತರವನ್ನು ಎರಡು ಪದಗಳಲ್ಲಿ ಸಂಗ್ರಹಿಸಬಹುದು: ಪ್ರೋಟೀನುಗಳ ಅಸಮತೆ ಮತ್ತು ಉರಿಯೂತ.

೧. ಸೂಕ್ಷ್ಮದರ್ಶಕದಲ್ಲಿ ಕಂಡ ಎರಡು ಗುರುತುಗಳು

೧೯೦೧ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಚಿಕಿತ್ಸಾಲಯಕ್ಕೆ ಆಗಸ್ಟೆ ಡೀಟರ್ ಎಂಬ ೫೧ ವರ್ಷದ ಹೆಂಗಸನ್ನು ಸೇರಿಸಿದರು. ಆಕೆಗೆ ನೆನಪು ಕುಸಿದಿತ್ತು, ಮಾತು ತಡವರಿಸುತ್ತಿತ್ತು, ಗಂಡನ ಮೇಲೆ ಅಕಾರಣವಾದ ಸಂಶಯ ಬೆಳೆದಿತ್ತು. ಆಕೆಯನ್ನು ಪರೀಕ್ಷಿಸಿದ ವೈದ್ಯ ಅಲೋಯಿಸ್ ಆಲ್ಝೈಮರ್. ೧೯೦೬ರಲ್ಲಿ ಆಕೆ ತೀರಿಕೊಂಡ ತರುವಾಯ ಆತನು ಆಕೆಯ ಮಿದುಳಿನ ತೆಳುಪದರುಗಳಿಗೆ ಬೆಳ್ಳಿಯ ಲವಣದ ಬಣ್ಣ ಕಟ್ಟಿ ಸೂಕ್ಷ್ಮದರ್ಶಕದಲ್ಲಿ ನೋಡಿದನು. ನರಕೋಶಗಳ ಹೊರಗೆ ಅಲ್ಲಲ್ಲಿ ಗಸಿಯಂತಹ ವಸ್ತು ಗಟ್ಟಿಯಾಗಿ ಕೂತಿತ್ತು. ಕೋಶಗಳ ಒಳಗೆ ಸಿಕ್ಕುಬಿದ್ದ ನೂಲಿನಂತಹ ಗೋಜಲುಗಳಿದ್ದವು. ಆ ವರ್ಷದ ನವೆಂಬರ್ ೩ರಂದು ಟ್ಯೂಬಿಂಗೆನ್ ನಗರದ ವೈದ್ಯರ ಸಭೆಯಲ್ಲಿ ಆತನು ಇದನ್ನು ವರದಿ ಮಾಡಿದನು. ೧೯೧೦ರಲ್ಲಿ ಎಮಿಲ್ ಕ್ರೆಪೆಲಿನ್ ತನ್ನ ಗ್ರಂಥದಲ್ಲಿ ಆ ರೋಗಕ್ಕೆ ಆಲ್ಝೈಮರನ ಹೆಸರನ್ನೇ ಇಟ್ಟನು.

ಆಗಸ್ಟೆಯ ವಯಸ್ಸು ಕಡಮೆಯಾಗಿದ್ದುದರಿಂದ ಇದು ನಡುವಯಸ್ಸಿನವರಿಗೆ ಬರುವ ಅಪರೂಪದ ರೋಗವೆಂದು ವೈದ್ಯಲೋಕ ಬಹುಕಾಲ ನಂಬಿತು. ಮುದುಕರ ಮರೆವು ಬೇರೆ, ಅದು ರಕ್ತನಾಳಗಳು ಗಡುಸಾಗುವುದರ ಫಲ ಎಂದೇ ಪಠ್ಯಗ್ರಂಥಗಳು ಬರೆದವು. ೧೯೬೮ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಬ್ಲೆಸ್ಡ್, ಟಾಮ್ಲಿನ್ಸನ್ ಮತ್ತು ರಾತ್ ಎಂಬ ಮೂವರು ವಿದ್ವಾಂಸರು ವೃದ್ಧರು ಬದುಕಿದ್ದಾಗ ಅವರ ಬುದ್ಧಿಶಕ್ತಿಯನ್ನು ಅಳೆದಿಟ್ಟು, ಮರಣಾನಂತರ ಅವರ ಮಿದುಳಿನೊಡನೆ ಹೋಲಿಸಿ ನೋಡಿದರು. ಗಸಿ ಹೆಚ್ಚಾಗಿದ್ದವರಲ್ಲಿ ಬುದ್ಧಿಯ ಕುಸಿತವೂ ಹೆಚ್ಚಾಗಿತ್ತು. ಮುಪ್ಪಿನ ಮರೆವೆಂದು ತಳ್ಳಿಹಾಕಿದುದರಲ್ಲಿ ಬಹುಪಾಲು ಆಲ್ಝೈಮರ್ ಕಂಡ ರೋಗವೇ ಎಂಬುದು ಹೀಗೆ ತಿಳಿಯುತ್ತ ಬಂದಿತು. ಅರಳು-ಮರಳಿಗೆ ಕಣ್ಣಿಗೆ ಕಾಣುವ ಗುರುತು ದೊರೆತುದು ಈ ರೀತಿಯಲ್ಲಿ.

೨. ಪ್ರೋಟೀನಿನ ಮಡಿಕೆ

ಆ ಗಸಿಯೂ ಗೋಜಲೂ ಪ್ರೋಟೀನುಗಳೇ. ಅವು ಹೇಗೆ ಕೂಡುತ್ತವೆಂಬುದನ್ನು ತಿಳಿಯಲು ಪ್ರೋಟೀನೆಂದರೇನೆಂಬುದನ್ನು ಸ್ವಲ್ಪ ವಿವರಿಸಬೇಕು. ಕನ್ನಡದ ಹಳೆಯ ಪಠ್ಯಗಳಲ್ಲಿ ಸಸಾರಜನಕವೆಂದು ಕರೆಯುತ್ತಿದ್ದ ಈ ವಸ್ತು ಕೇವಲ ಬೇಳೆಕಾಳುಗಳಲ್ಲಿರುವ ಆಹಾರಾಂಶವಲ್ಲ. ಜೀವಕೋಶದ ಬಹುತೇಕ ಎಲ್ಲ ಕೆಲಸಗಳನ್ನೂ ಮಾಡುವ ಯಂತ್ರಗಳು ಪ್ರೋಟೀನುಗಳೇ. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಗೊತ್ತಾದ ಕ್ರಮದಲ್ಲಿ ಪೋಣಿಸಿದರೆ ಒಂದು ಸರವಾಗುತ್ತದೆ. ಆದರೆ ಸರವಾದ ಮಾತ್ರಕ್ಕೆ ಅದು ಕೆಲಸಕ್ಕೆ ಬಾರದು; ನಿಯತವಾದ ರೀತಿಯಲ್ಲಿ ಮಡಿಚಿಕೊಂಡಾಗಲೇ ಅದಕ್ಕೆ ರೂಪವೂ ಗುಣವೂ ಬರುತ್ತವೆ. ಮಡಿಕೆಯ ಗುಟ್ಟು ಸರದ ಕ್ರಮದಲ್ಲಿಯೇ ಇದೆಯೆಂದು ತೋರಿಸಿದುದಕ್ಕಾಗಿ ಅಮೆರಿಕದ ಕ್ರಿಶ್ಚಿಯನ್ ಆನ್‌ಫಿನ್ಸೆನ್ ೧೯೭೨ರಲ್ಲಿ ನೊಬೆಲ್ ಪಾರಿತೋಷಿಕಕ್ಕೆ ಪಾತ್ರನಾದನು. ಸರದ ಕೊಂಡಿಗಳು ಯಾವ ಯಾವ ಕೋನಗಳಲ್ಲಿ ಬಾಗಬಲ್ಲವೆಂಬುದನ್ನು ಜಿ. ಎನ್. ರಾಮಚಂದ್ರನ್ ಅವರು ತಮ್ಮ ಸಹೋದ್ಯೋಗಿಗಳೊಡನೆ ಮದರಾಸಿನಲ್ಲಿ ೧೯೬೩ರಲ್ಲಿ ನಕ್ಷೆಯಾಗಿ ನಿರೂಪಿಸಿದರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದ ಅವರ ಆ ನಕ್ಷೆಯನ್ನು ಇಂದಿಗೂ ಪ್ರಪಂಚದ ಎಲ್ಲ ಪ್ರಯೋಗಶಾಲೆಗಳೂ ಬಳಸುತ್ತವೆ.

ಮಡಿಕೆ ತಪ್ಪಿದ ಪ್ರೋಟೀನು ತನ್ನ ಕೆಲಸವನ್ನು ಬಿಡುವುದಷ್ಟೇ ಅಲ್ಲ, ತನ್ನಂತಹ ಇತರ ಪ್ರೋಟೀನುಗಳಿಗೆ ಅಂಟಿಕೊಂಡು ಗಂಟಾಗುತ್ತದೆ. ಇದನ್ನು ತಡೆಯಲು ಕೋಶದಲ್ಲಿ ಮೂರು ಏರ್ಪಾಡುಗಳಿವೆ. ಮೊದಲನೆಯದಾಗಿ, ಹೊಸ ಸರವನ್ನು ಸರಿಯಾಗಿ ಮಡಿಚಲು ಕೈಹಿಡಿಯುವ ಸಹಾಯಕ ಪ್ರೋಟೀನುಗಳು. ಎರಡನೆಯದಾಗಿ, ಕೆಟ್ಟ ಪ್ರೋಟೀನಿಗೆ ‘ಯುಬಿಕ್ವಿಟಿನ್’ ಎಂಬ ಚೀಟಿಯನ್ನು ಹಚ್ಚಿ, ಅದನ್ನು ತುಂಡರಿಸುವ ಯಂತ್ರಕ್ಕೆ ಒಪ್ಪಿಸುವ ಕ್ರಮ. ಇದನ್ನು ಕಂಡುಹಿಡಿದವರಿಗೆ ೨೦೦೪ರ ನೊಬೆಲ್ ಸಂದಿತು. ಮೂರನೆಯದಾಗಿ, ದೊಡ್ಡ ಗಂಟುಗಳನ್ನು ಪೊರೆಯಲ್ಲಿ ಸುತ್ತಿ ಕೋಶವೇ ಜೀರ್ಣಿಸಿಕೊಳ್ಳುವ ‘ಸ್ವಭಕ್ಷಣ’ ಕ್ರಿಯೆ; ಇದರ ಮೂಲವನ್ನು ಬಿಡಿಸಿದ ಜಪಾನಿನ ಯೋಶಿನೊರಿ ಓಸುಮಿ ೨೦೧೬ರಲ್ಲಿ ನೊಬೆಲ್ ಪಡೆದರು.

ಇದನ್ನು ಜಮಾ-ಖರ್ಚಿನ ಲೆಕ್ಕಕ್ಕೆ ಹೋಲಿಸಬಹುದು. ಕೋಶದಲ್ಲಿ ದಿನದಿನವೂ ಪ್ರೋಟೀನು ಜಮೆಯಾಗುತ್ತದೆ, ದಿನದಿನವೂ ಖರ್ಚಾಗುತ್ತದೆ. ಎರಡೂ ಸರಿಸಮವಾಗಿರುವವರೆಗೆ ಶಿಲ್ಕು ಬೆಳೆಯುವುದಿಲ್ಲ. ಚರ್ಮದ ಕೋಶ ಹಳತಾದರೆ ಉದುರಿ ಹೊಸದು ಬರುತ್ತದೆ. ಹಳೆಯ ಖಾತೆ ಮುಚ್ಚಿ ಹೊಸ ಖಾತೆ ತೆರೆದಂತಾಗುತ್ತದೆ. ಮಿದುಳಿನ ಬಹುತೇಕ ನರಕೋಶಗಳು ಹುಟ್ಟಿದಂದಿನಿಂದ ಸಾಯುವವರೆಗೆ ಅವೇ. ಎಪ್ಪತ್ತು ವರ್ಷ ಒಂದೇ ಖಾತೆಯಲ್ಲಿ ವ್ಯವಹಾರ ನಡೆಯಬೇಕು. ದಿನಕ್ಕೆ ಒಂದು ಕಾಸಿನಷ್ಟು ವ್ಯತ್ಯಾಸ ಬಿದ್ದರೂ ಕೊನೆಗೆ ಅದು ಬೆಟ್ಟವಾಗುತ್ತದೆ. ಈ ರೋಗಗಳು ಮುಪ್ಪಿನಲ್ಲಿ ಹೆಚ್ಚಾಗಿ ತಲೆಯೆತ್ತುವುದಕ್ಕೆ ಇದೊಂದು ಮುಖ್ಯ ಕಾರಣ.

೩. ಅಸಮತೆಗೆ ಆಧಾರಗಳು

ಇದು ಬರಿಯ ಉಪಮೆಯಲ್ಲ. ೧೯೮೪ರಲ್ಲಿ ಅಮೆರಿಕದ ಗ್ಲೆನರ್ ಮತ್ತು ವಾಂಗ್ ಎಂಬವರು ರೋಗಿಗಳ ಮಿದುಳಿನಿಂದ ಆ ಗಸಿಯ ಮುಖ್ಯ ದ್ರವ್ಯವನ್ನು ಬೇರ್ಪಡಿಸಿದರು. ಅದು ಸುಮಾರು ನಲವತ್ತು ಮಣಿಗಳ ಒಂದು ಚಿಕ್ಕ ತುಣುಕು. ಬೀಟಾ ಅಮಿಲಾಯ್ಡ್ ಎಂದು ಅದರ ಹೆಸರು. ನರಕೋಶದ ಪೊರೆಯಲ್ಲಿರುವ ದೊಡ್ಡ ಪ್ರೋಟೀನೊಂದನ್ನು ಕೋಶವೇ ಕತ್ತರಿಸಿದಾಗ ಈ ತುಣುಕು ಹುಟ್ಟುತ್ತದೆ. ಆ ದೊಡ್ಡ ಪ್ರೋಟೀನಿನ ಜೀನು ೨೧ನೆಯ ವರ್ಣತಂತುವಿನ ಮೇಲಿದೆ. ಡೌನ್ ಸಿಂಡ್ರೋಮ್ ಉಳ್ಳವರಲ್ಲಿ ಆ ವರ್ಣತಂತು ಎರಡರ ಬದಲು ಮೂರಿರುತ್ತದೆ. ಅವರ ಮಿದುಳಿನಲ್ಲಿ ನಲವತ್ತು ವರ್ಷದ ಹೊತ್ತಿಗೇ ಈ ಗಸಿ ತುಂಬಿರುತ್ತದೆ. ಜಮೆ ಹೆಚ್ಚಾದರೆ ಶಿಲ್ಕು ಬೇಗ ಬೆಳೆಯುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ೧೯೯೧ರಿಂದೀಚೆಗೆ ಕೆಲವು ವಂಶಗಳಲ್ಲಿ ಇದೇ ಜೀನಿನ ದೋಷದಿಂದ ರೋಗವು ತಲೆಮಾರಿನಿಂದ ತಲೆಮಾರಿಗೆ ಇಳಿಯುವುದೂ ತಿಳಿದುಬಂದಿದೆ.

ಆದರೆ ಇಂತಹ ವಂಶಗಳು ವಿರಳ. ಸಾಮಾನ್ಯ ವೃದ್ಧರಲ್ಲಿ ತಪ್ಪುವುದು ಜಮೆಯೋ ಖರ್ಚೋ ಎಂಬ ಪ್ರಶ್ನೆ ಉಳಿದಿತ್ತು. ೨೦೧೦ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಸಂಶೋಧಕರು ಗುರುತು ಹಾಕಿದ ಅಮೈನೋ ಆಮ್ಲವನ್ನು ರೋಗಿಗಳಿಗೂ ಆರೋಗ್ಯವಂತರಿಗೂ ಕೊಟ್ಟು, ಬೆನ್ನುಹುರಿಯ ದ್ರವದಲ್ಲಿ ಅಮಿಲಾಯ್ಡ್ ಹುಟ್ಟುವ ಮತ್ತು ಹೊರಹೋಗುವ ವೇಗಗಳನ್ನು ಅಳೆದರು. ಹುಟ್ಟುವ ವೇಗ ಇಬ್ಬರಲ್ಲಿಯೂ ಹೆಚ್ಚುಕಡಮೆ ಒಂದೇ. ಹೊರಹೋಗುವ ವೇಗ ಮಾತ್ರ ರೋಗಿಗಳಲ್ಲಿ ಸುಮಾರು ಶೇಕಡ ೩೦ರಷ್ಟು ಕಡಮೆ. ಅಂದರೆ ಮುಪ್ಪಿನ ಸಾಮಾನ್ಯ ರೋಗದಲ್ಲಿ ದೋಷವಿರುವುದು ಮುಖ್ಯವಾಗಿ ವಿಲೇವಾರಿಯಲ್ಲಿ.

ಗೋಜಲಿನ ದ್ರವ್ಯ ‘ಟೌ’ ಎಂಬ ಬೇರೊಂದು ಪ್ರೋಟೀನು. ನರಕೋಶದ ಉದ್ದನೆಯ ಎಳೆಗಳಲ್ಲಿ ಸಾಮಾನುಸಾಗಣೆಗೆ ಹಾಕಿದ ಹಳಿಗಳನ್ನು ಬಿಗಿಯಾಗಿ ಹಿಡಿದಿಡುವುದು ಅದರ ಸಹಜ ಕೆಲಸ. ಅದು ಹಳಿಯನ್ನು ಬಿಟ್ಟು ತನ್ನಲ್ಲೇ ಸುತ್ತಿಕೊಂಡಾಗ ಸಾಗಣೆ ನಿಲ್ಲುತ್ತದೆ. ನೆನಪಿನ ನಾಶ ಗಸಿಗಿಂತಲೂ ಈ ಗೋಜಲಿನ ಹರವನ್ನು ಹೆಚ್ಚು ನಿಕಟವಾಗಿ ಅನುಸರಿಸುತ್ತದೆ. ಪಾರ್ಕಿನ್‌ಸನ್ ರೋಗದಲ್ಲಿ ಗಂಟುಗಟ್ಟುವುದು ಮೂರನೆಯದೊಂದು ಪ್ರೋಟೀನು, ಆಲ್ಫಾ ಸೈನ್ಯೂಕ್ಲಿನ್. ಇದು ೧೯೯೭ರಲ್ಲಿ ಸಿದ್ಧಪಟ್ಟಿತು. ರೋಗಗಳು ಬೇರೆ, ಪ್ರೋಟೀನುಗಳು ಬೇರೆ, ಮಿದುಳಿನ ಭಾಗಗಳು ಬೇರೆ. ಆದರೆ ಲೆಕ್ಕ ತಪ್ಪುವ ರೀತಿ ಒಂದೇ.

೪. ಉರಿಯೂತ: ಕಾವಲುಗಾರನೇ ಕೇಡಾದಾಗ

ಬೆರಳಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗಿ ಬಿಸಿಯೇರಿ ಊದಿಕೊಳ್ಳುತ್ತದೆ. ಇದೇ ಉರಿಯೂತ. ಮುಳ್ಳು ಹೊರಬಂದ ಮೇಲೆ ಅದು ಶಮನವಾಗುತ್ತದೆ. ಮಿದುಳಿಗೆ ತನ್ನದೇ ಆದ ಕಾವಲುಗಾರರಿದ್ದಾರೆ. ೧೯೧೯ರಲ್ಲಿ ಸ್ಪೇನಿನ ಪಿಯೋ ದೆಲ್ ರಿಯೋ ಓರ್ತೇಗಾ ಎಂಬ ವಿಜ್ಞಾನಿ ಗುರುತಿಸಿದ ಮೈಕ್ರೊಗ್ಲಿಯ ಎಂಬ ಚಿಕ್ಕ ಕೋಶಗಳು ತಮ್ಮ ಕೈಗಳನ್ನು ಚಾಚಿ ಸದಾ ಗಸ್ತು ತಿರುಗುತ್ತವೆ, ಕಸ ಕಂಡರೆ ನುಂಗುತ್ತವೆ. ಅವುಗಳ ಜೊತೆಗೆ ನಕ್ಷತ್ರಾಕಾರದ ಆಸ್ಟ್ರೊಸೈಟ್ ಕೋಶಗಳು ನರಕೋಶಗಳಿಗೆ ಆಹಾರವನ್ನೊದಗಿಸಿ ಪೋಷಿಸುತ್ತವೆ.

ಅಮಿಲಾಯ್ಡಿನ ಗಸಿ ಈ ಕಾವಲುಗಾರರ ಪಾಲಿಗೆ ಎಂದಿಗೂ ಹೊರಬಾರದ ಮುಳ್ಳು. ಮೊದಮೊದಲು ಅವು ಗಸಿಯನ್ನು ಸುತ್ತುವರಿದು ನುಂಗಲೆತ್ನಿಸುತ್ತವೆ. ನುಂಗಿ ಮುಗಿಯದಿದ್ದಾಗ ಉದ್ರೇಕಕಾರಿ ದ್ರವ್ಯಗಳನ್ನು ವರ್ಷಗಟ್ಟಲೆ ಸುರಿಸುತ್ತಲೇ ಇರುತ್ತವೆ. ಕಳ್ಳನನ್ನು ಹಿಡಿಯಲು ಬಂದವರು ಮನೆಯವರನ್ನೇ ಬಡಿಯತೊಡಗಿದಂತೆ, ಆ ದ್ರವ್ಯಗಳು ನರಕೋಶಗಳ ನಡುವಣ ಸಂಧಿಗಳನ್ನು ಕೆಡಿಸುತ್ತವೆ. ಟೌ ಪ್ರೋಟೀನಿನ ಗೋಜಲನ್ನೂ ಪ್ರಚೋದಿಸುತ್ತವೆ. ಗೋಜಲಿನಿಂದ ಸತ್ತ ಕೋಶಗಳು ಮತ್ತಷ್ಟು ಉರಿಯೂತಕ್ಕೆ ಇಂಧನವಾಗುತ್ತವೆ. ಹೀಗೆ ಅಸಮತೆಯಿಂದ ಉರಿಯೂತ, ಉರಿಯೂತದಿಂದ ಅಸಮತೆ ಎಂಬ ವಿಷಚಕ್ರ ಏರ್ಪಡುತ್ತದೆ.

ಉರಿಯೂತವು ರೋಗದ ಪರಿಣಾಮ ಮಾತ್ರವೋ ಕಾರಣವೂ ಹೌದೋ ಎಂಬ ವಾದಕ್ಕೆ ೨೦೧೩ರಲ್ಲಿ ಒಂದು ಬಲವಾದ ಸಾಕ್ಷ್ಯ ಬಂದಿತು. ‘ಟ್ರೆಮ್ ೨’ ಎಂಬ ಜೀನಿನ ಒಂದು ಅಪರೂಪದ ರೂಪವನ್ನು ಪಡೆದು ಹುಟ್ಟಿದವರಿಗೆ ಆಲ್ಝೈಮರ್ ರೋಗದ ಸಂಭವ ಸುಮಾರು ಮೂರು ಪಟ್ಟು ಹೆಚ್ಚು. ಮಿದುಳಿನಲ್ಲಿ ಈ ಜೀನು ಕೆಲಸಮಾಡುವುದು ಮುಖ್ಯವಾಗಿ ಮೈಕ್ರೊಗ್ಲಿಯದಲ್ಲಿ. ಗಸಿಯನ್ನು ಗುರುತಿಸಿ ಸುತ್ತುವರಿಯಲು ಅದು ಬೇಕು. ಕಾವಲುಗಾರನ ಕೈ ಹುಟ್ಟಿನಿಂದಲೇ ಸೋತಿದ್ದರೆ ರೋಗಕ್ಕೆ ದಾರಿ ಸುಲಭವೆಂಬುದು ಇದರಿಂದ ಸ್ಪಷ್ಟ. ಕಾವಲು ಅತಿಯಾದರೂ ಕೇಡು, ಕುಂದಿದರೂ ಕೇಡು.

ಈ ಎರಡು ಮುಖಗಳನ್ನು ವಿವರಿಸಿದ ಒಂದು ಸಂಶೋಧನೆ ಕೋಲ್ಕತ್ತದ್ದೇ ಎಂಬುದು ಇಲ್ಲಿಯ ವಾಚಕರು ತಿಳಿಯತಕ್ಕ ವಿಷಯ. ೧೯೩೫ರಲ್ಲಿ ಖಾಸಗಿ ಪ್ರಯತ್ನದಿಂದ ಹುಟ್ಟಿ, ೧೯೫೬ರಲ್ಲಿ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಪರಿಷತ್ತಿಗೆ ಸೇರಿದ, ಜಾದವಪುರದ ಭಾರತೀಯ ರಾಸಾಯನಿಕ ಜೀವವಿಜ್ಞಾನ ಸಂಸ್ಥೆಯಲ್ಲಿ ಸುಭಾಸ್ ಚಂದ್ರ ಬಿಸ್ವಾಸ್ ಅವರ ತಂಡ ಅಮಿಲಾಯ್ಡಿಗೆ ಒಡ್ಡಿದ ಆಸ್ಟ್ರೊಸೈಟ್‌ಗಳನ್ನು ಪರೀಕ್ಷಿಸಿತು. ಅವು ಎಚ್ಚೆತ್ತ ಮೊದಲ ಘಟ್ಟದಲ್ಲಿ ‘ಟಿಂಪ್ ೧’ ಎಂಬ ಪ್ರೋಟೀನನ್ನು ಹೊರಬಿಡುತ್ತವೆ, ಅದು ನರಕೋಶಗಳನ್ನು ಸಾವಿನಿಂದ ಕಾಯುತ್ತದೆ ಎಂದು ೨೦೨೦ರಲ್ಲಿ ಆ ತಂಡ ಪ್ರಕಟಿಸಿತು. ಅದನ್ನು ರೋಗಲಕ್ಷಣ ತರಿಸಿದ ಇಲಿಗಳಿಗೆ ಕೊಟ್ಟಾಗ ಅವುಗಳ ಕಲಿಕೆ ನೆನಪುಗಳು ಸುಧಾರಿಸಿದವು. ಇಲಿಯಿಂದ ಮನುಷ್ಯನಿಗೆ ದೂರ ಬಹಳವಿದೆ. ಆದರೂ ಉರಿಯೂತದ ಮೊದಲ ಹೆಜ್ಜೆ ರಕ್ಷಣೆಯೇ ಎಂಬ ತತ್ತ್ವ ಇದರಿಂದ ಬಲಗೊಂಡಿದೆ.

ಈ ತತ್ತ್ವವನ್ನು ಮರೆತರೆ ಏನಾಗುತ್ತದೆಂಬುದಕ್ಕೆ ಒಂದು ಪಾಠವೂ ಇದೆ. ಕೀಲೂತಕ್ಕೆ ಬಹುಕಾಲ ಉರಿಶಾಮಕ ಔಷಧಗಳನ್ನು ಸೇವಿಸಿದವರಲ್ಲಿ ಆಲ್ಝೈಮರ್ ರೋಗ ಕಡಮೆಯೆಂದು ೧೯೯೦ರ ದಶಕದಲ್ಲಿ ಕಂಡುಬಂದಾಗ ಬಹಳ ಆಸೆ ಮೂಡಿತು. ಅಮೆರಿಕದಲ್ಲಿ ೭೦ ದಾಟಿದ ೨,೫೦೦ಕ್ಕೂ ಹೆಚ್ಚು ಮಂದಿಗೆ ನಪ್ರೊಕ್ಸೆನ್, ಸೆಲೆಕಾಕ್ಸಿಬ್ ಅಥವಾ ಹುಸಿಗುಳಿಗೆಯನ್ನು ಕೊಟ್ಟು ಪರೀಕ್ಷಿಸಿದರು. ಹೃದಯದ ಅಪಾಯದ ಶಂಕೆಯಿಂದ ೨೦೦೪ರಲ್ಲಿ ಆ ಪರೀಕ್ಷೆಯನ್ನು ನಿಲ್ಲಿಸಬೇಕಾಯಿತು; ಮಿದುಳಿಗೆ ಪ್ರಯೋಜನವೂ ಕಾಣಲಿಲ್ಲ. ಆದುದರಿಂದ ಮರೆವಿಗೆಂದು ನೋವಿನ ಮಾತ್ರೆಗಳನ್ನು ತಾವಾಗಿಯೇ ನುಂಗುವುದು ತಪ್ಪು. ಅರಿಸಿನದ ಸತ್ತ್ವದ ವಿಷಯವೂ ಹೀಗೆಯೇ: ಪ್ರಯೋಗಶಾಲೆಯಲ್ಲಿ ತೋರಿದ ಗುಣ ಆಲ್ಝೈಮರ್ ರೋಗಿಗಳಲ್ಲಿ ಸಿದ್ಧಪಟ್ಟಿಲ್ಲ.

೫. ಕಲ್ಕತ್ತೆಯ ಸರ್ಪಗಂಧ ಮತ್ತು ಪಾರ್ಕಿನ್‌ಸನ್ ರೋಗ

ಮಿದುಳಿನ ರೋಗಗಳ ಚರಿತ್ರೆಯಲ್ಲಿ ಈ ನಗರಕ್ಕೆ ಇನ್ನೂ ಹಳೆಯದೊಂದು ಸ್ಥಾನವಿದೆ. ೧೯೩೧ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ಇಬ್ಬರು ವೈದ್ಯರು ಸರ್ಪಗಂಧದ ಬೇರು ಉನ್ಮಾದವನ್ನೂ ರಕ್ತದೊತ್ತಡವನ್ನೂ ಇಳಿಸುತ್ತದೆಂದು ವೈದ್ಯಪತ್ರಿಕೆಯಲ್ಲಿ ವರದಿ ಮಾಡಿದರು. ೧೯೫೨ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಜ್ಞರು ಆ ಬೇರಿನಿಂದ ರಿಸರ್ಪಿನ್ ಎಂಬ ಸತ್ತ್ವವನ್ನು ತೆಗೆದರು. ಆ ಔಷಧವನ್ನು ಹೆಚ್ಚು ಪ್ರಮಾಣದಲ್ಲಿ ಸೇವಿಸಿದ ಕೆಲವರ ಕೈಕಾಲು ಬಿಗಿಯಾಗಿ ನಡುಗತೊಡಗಿದವು. ಪಾರ್ಕಿನ್‌ಸನ್ ರೋಗದ ಪ್ರತಿಬಿಂಬವೇ ಅದು. ೧೯೫೭ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ರಿಸರ್ಪಿನ್ನಿನಿಂದ ಜಡವಾಗಿ ಬಿದ್ದ ಮೊಲಗಳಿಗೆ ಡೋಪಾ ಎಂಬ ದ್ರವ್ಯವನ್ನು ಚುಚ್ಚಿದನು. ಸ್ವಲ್ಪ ಹೊತ್ತಿನಲ್ಲಿಯೇ ಅವು ಎದ್ದು ಓಡಾಡಿದವು. ಮಿದುಳಿನಲ್ಲಿ ಡೋಪಮೈನ್ ಕ್ಷಯಿಸುವುದೇ ಆ ರೋಗದ ನಡುಕಕ್ಕೆ ಮೂಲವೆಂಬ ಜ್ಞಾನಕ್ಕೆ ಇದು ಬಾಗಿಲು ತೆರೆಯಿತು. ಕಾರ್ಲ್‌ಸನ್ ೨೦೦೦ದಲ್ಲಿ ನೊಬೆಲ್ ಪಡೆದನು. ಕನ್ನಡದಲ್ಲಿ ನಸುಗುನ್ನಿಯೆಂದು ಕರೆಯುವ, ಮೈಗೆ ತಾಗಿದರೆ ತುರಿಸುವ ಕಾಯಿಯ ಬೀಜದಲ್ಲಿಯೂ ಇದೇ ಡೋಪಾ ಇದೆಯೆಂದು ಭಾರತೀಯ ರಸಾಯನಜ್ಞರಾದ ದಾಮೋದರನ್ ಮತ್ತು ರಾಮಸ್ವಾಮಿ ೧೯೩೭ರಲ್ಲಿಯೇ ತೋರಿಸಿದ್ದರು. ಆಯುರ್ವೇದ ಅದನ್ನು ಆತ್ಮಗುಪ್ತಾ ಎಂಬ ಹೆಸರಿನಿಂದ ಬಲ್ಲುದು.

ಆದರೆ ಡೋಪಾ ಕೊರತೆಯನ್ನು ತುಂಬುತ್ತದೆಯೇ ಹೊರತು ಕೊರತೆಯ ಮೂಲವನ್ನು ಮುಟ್ಟುವುದಿಲ್ಲ. ಡೋಪಮೈನ್ ಮಾಡುವ ಕೋಶಗಳಲ್ಲಿ ಸೈನ್ಯೂಕ್ಲಿನ್ ಗಂಟುಗಟ್ಟುವುದೂ ಉರಿಯೂತವೂ ಮುಂದುವರಿಯುತ್ತಲೇ ಇರುತ್ತವೆ.

೬. ಚಿಕಿತ್ಸೆಯ ಇಂದಿನ ಮಟ್ಟ

ಗಸಿಯನ್ನು ಮಿದುಳಿನಿಂದ ತೆಗೆಯಬಲ್ಲ ಪ್ರತಿಕಾಯ ಔಷಧಗಳು ಈಗ ಬಂದಿವೆ. ೨೦೨೩ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಲೆಕಾನೆಮ್ಯಾಬ್ ಔಷಧವನ್ನು ಸುಮಾರು ೧,೮೦೦ ಜನರಲ್ಲಿ ೧೮ ತಿಂಗಳು ಪರೀಕ್ಷಿಸಿದಾಗ, ರೋಗದ ಮೊದಲ ಘಟ್ಟದಲ್ಲಿರುವವರ ಕುಸಿತ ಶೇಕಡ ೨೭ರಷ್ಟು ನಿಧಾನವಾಯಿತು. ಡೊನಾನೆಮ್ಯಾಬ್ ಎಂಬ ಇನ್ನೊಂದಕ್ಕೆ ೨೦೨೪ರಲ್ಲಿ ಅಲ್ಲಿ ಅನುಮತಿ ದೊರೆಯಿತು. ಇದರ ಬೆಲೆಯನ್ನು ಸರಿಯಾಗಿ ಕಟ್ಟಬೇಕು. ಕುಸಿತ ನಿಧಾನವಾಯಿತೇ ಹೊರತು ನಿಲ್ಲಲಿಲ್ಲ. ಕಳೆದ ನೆನಪು ಮರಳಲಿಲ್ಲ. ಕೆಲವರ ಮಿದುಳಿನಲ್ಲಿ ಬಾವು ಅಥವಾ ಸಣ್ಣ ರಕ್ತಸ್ರಾವವೂ ಕಂಡಿತು. ಆದರೂ ಗಸಿಯನ್ನು ತೆಗೆದರೆ ರೋಗದ ಗತಿ ಬದಲಾಗುತ್ತದೆಂಬುದು ಮನುಷ್ಯರಲ್ಲಿ ರುಜುವಾತಾಯಿತು. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಟಿ. ಗೋವಿಂದರಾಜು ಅವರ ತಂಡ ರೂಪಿಸಿದ ‘ಟಿ.ಜಿ.ಆರ್. ೬೩’ ಎಂಬ ಚಿಕ್ಕ ಅಣುವೂ ಇಲಿಗಳಲ್ಲಿ ಅಮಿಲಾಯ್ಡಿನ ಹೊರೆಯನ್ನು ಇಳಿಸಿದೆ.

ಗಸಿ ಕೂಡತೊಡಗುವುದು ಮರೆವು ಕಾಣಿಸಿಕೊಳ್ಳುವುದಕ್ಕೆ ಹದಿನೈದು ಇಪ್ಪತ್ತು ವರ್ಷಗಳ ಮೊದಲೇ. ಎಪ್ಪತ್ತರ ರೋಗದ ಲೆಕ್ಕ ಐವತ್ತರಲ್ಲಿಯೇ ಆರಂಭವಾಗಿರುತ್ತದೆ. ಆದುದರಿಂದ ನಡುವಯಸ್ಸಿನ ಎಚ್ಚರಿಕೆಗೆ ವಿಶೇಷ ಬೆಲೆಯಿದೆ. ಲಾನ್ಸೆಟ್ ಪತ್ರಿಕೆಯ ಆಯೋಗ ೨೦೨೪ರಲ್ಲಿ ಹದಿನಾಲ್ಕು ಕಾರಣಗಳನ್ನು ಪಟ್ಟಿಮಾಡಿ, ಅವೆಲ್ಲವನ್ನೂ ನಿವಾರಿಸಿದರೆ ಸುಮಾರು ಶೇಕಡ ೪೫ರಷ್ಟು ಬುದ್ಧಿಭ್ರಂಶವನ್ನು ತಡೆಯಬಹುದು ಅಥವಾ ಮುಂದೂಡಬಹುದೆಂದು ಅಂದಾಜು ಮಾಡಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಿವುಡು, ಧೂಮಪಾನ, ಒಂಟಿತನ, ವಾಯುಮಾಲಿನ್ಯ ಇವೆಲ್ಲ ಆ ಪಟ್ಟಿಯಲ್ಲಿವೆ. ಇವುಗಳಲ್ಲಿ ಹಲವು ರಕ್ತನಾಳಗಳನ್ನು ಕೆಡಿಸಿಯೋ ಉರಿಯೂತವನ್ನು ಹೆಚ್ಚಿಸಿಯೋ ಕೇಡು ಮಾಡುತ್ತವೆ. ಚಳಿಗಾಲದ ಕೋಲ್ಕತ್ತದ ಹೊಗೆಮಂಜನ್ನು ಬಲ್ಲವರಿಗೆ ಕೊನೆಯ ಕಾರಣದ ಅರ್ಥವನ್ನು ವಿವರಿಸಬೇಕಾಗಿಲ್ಲ.

೭. ಎರಡು ಭಾಷೆಗಳ ಮನೆ

ಪರನಾಡಿನ ಕನ್ನಡಿಗರಿಗೆ ಹತ್ತಿರವಾದ ಶೋಧನೆಯೊಂದು ೨೦೧೩ರಲ್ಲಿ ಹೈದರಾಬಾದಿನಿಂದ ಬಂದಿತು. ಸುವರ್ಣಾ ಅಲ್ಲಾಡಿ ಮತ್ತು ಅವರ ಸಹೋದ್ಯೋಗಿಗಳು ಅಲ್ಲಿಯ ನಿಜಾಮ್ಸ್ ವೈದ್ಯಕೀಯ ಸಂಸ್ಥೆಯಲ್ಲಿ ೬೪೮ ಬುದ್ಧಿಭ್ರಂಶದ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದರು. ಎರಡು ಅಥವಾ ಹೆಚ್ಚು ಭಾಷೆಗಳನ್ನಾಡುವವರಲ್ಲಿ ರೋಗ ಒಂದೇ ಭಾಷೆಯವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆದೋರಿತ್ತು. ಓದುಬರಹವಿಲ್ಲದವರಲ್ಲಿಯೂ ಈ ಅಂತರ ಕಂಡುದರಿಂದ, ಇದು ವಿದ್ಯೆಯ ಫಲವೆಂದು ಹೇಳುವಂತಿರಲಿಲ್ಲ. ಎರಡು ಭಾಷೆ ಬಲ್ಲವರ ಮಿದುಳಿನಲ್ಲಿ ಗಸಿ ಕೂಡುವುದಿಲ್ಲವೆಂದು ಇದರ ಅರ್ಥವಲ್ಲ. ಒಂದನ್ನಾಡುವಾಗ ಇನ್ನೊಂದನ್ನು ತಡೆಹಿಡಿಯುವ ನಿತ್ಯದ ಅಭ್ಯಾಸದಿಂದ ಮಿದುಳು ಒಂದು ಮೀಸಲು ನಿಧಿಯನ್ನು ಕೂಡಿಡುತ್ತದೆ, ಹಾನಿಯನ್ನು ಹೆಚ್ಚುಕಾಲ ತಾಳಿಕೊಳ್ಳುತ್ತದೆ ಎಂದು ವಿದ್ವಾಂಸರು ಊಹಿಸುತ್ತಾರೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಬಂಗಾಳಿ ಆಡುವವರಿಗೆ ಇದು ಸಮಾಧಾನದ ವಾರ್ತೆ. ಮಕ್ಕಳಿಗೆ ಕನ್ನಡ ಹೊರೆಯಾಗುತ್ತದೆಂದು ಅದನ್ನು ಕೈಬಿಡುವ ತಂದೆತಾಯಿಗಳಿಗೆ ಯೋಚಿಸತಕ್ಕ ವಿಷಯ.

ಭಾಷೆಯ ಪ್ರಶ್ನೆ ರೋಗನಿರ್ಣಯದಲ್ಲಿಯೂ ಇದೆ. ನೆನಪನ್ನು ಅಳೆಯುವ ಪರೀಕ್ಷೆಗಳು ಮಾತಿನ ಪರೀಕ್ಷೆಗಳೇ: ಪದಗಳನ್ನು ಕೇಳಿ ತಿರುಗಿ ಹೇಳುವುದು, ಕಥೆಯನ್ನು ನೆನೆಯುವುದು, ಚಿತ್ರಗಳನ್ನು ಹೆಸರಿಸುವುದು. ಮಗನ ಉದ್ಯೋಗದ ನಿಮಿತ್ತ ಇಳಿವಯಸ್ಸಿನಲ್ಲಿ ಧಾರವಾಡದಿಂದಲೋ ಉಡುಪಿಯಿಂದಲೋ ಕೋಲ್ಕತ್ತಕ್ಕೆ ಬಂದ ತಾಯಿಯನ್ನು ಬಂಗಾಳಿ ಅಥವಾ ಇಂಗ್ಲಿಷಿನಲ್ಲಿ ಪರೀಕ್ಷಿಸಿದರೆ ಇಲ್ಲದ ರೋಗ ಇದೆಯೆಂದು ತೋರಬಹುದು. ಅಥವಾ ಭಾಷೆ ಬಾರದುದರಿಂದ ಹೀಗೆ ಎಂದು ಇರುವ ರೋಗವನ್ನೇ ಅಲಕ್ಷಿಸಬಹುದು. ಈ ತೊಡಕನ್ನು ಮನಗಂಡು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಹಿಂದಿ, ಬಂಗಾಳಿ, ತೆಲುಗು, ಕನ್ನಡ ಮತ್ತು ಮಲೆಯಾಳಗಳಲ್ಲಿ ಒಂದೇ ಮಟ್ಟದ ಪರೀಕ್ಷಾಸಮೂಹವನ್ನು ಸಿದ್ಧಪಡಿಸಿದೆ. ಓದುಬರಹ ಬಾರದವರಿಗೂ ಅದರಲ್ಲಿ ಅವಕಾಶವಿದೆ. ಕನ್ನಡದ ಹಿರಿಯರನ್ನು ಕನ್ನಡದಲ್ಲಿಯೇ ಪರೀಕ್ಷಿಸಬೇಕೆಂದು ಮನೆಯವರು ವೈದ್ಯರನ್ನು ಕೇಳುವುದು ಸಂಕೋಚಪಡತಕ್ಕ ಕೆಲಸವಲ್ಲ.

ಕರ್ನಾಟಕದಲ್ಲಿಯೂ ಈ ಕ್ಷೇತ್ರದಲ್ಲಿ ದೊಡ್ಡ ಕಾರ್ಯ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ೧೯೯೫ರಿಂದ ಮಿದುಳಿನ ಭಂಡಾರವೊಂದಿದೆ. ಮರಣಾನಂತರ ದಾನವಾಗಿ ಬಂದ ಮಿದುಳುಗಳನ್ನು ಅಲ್ಲಿ ಸಂಶೋಧನೆಗೆ ಕಾಪಿಡುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ೪೫ ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಅನುಸರಿಸುವ ಯೋಜನೆಯನ್ನು ಕೈಗೊಂಡಿದೆ. ೨೦೨೩ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇಕಡ ೭.೪ರಷ್ಟು, ಅಂದರೆ ಸುಮಾರು ೮೮ ಲಕ್ಷ ಜನ, ಬುದ್ಧಿಭ್ರಂಶದಿಂದ ಬಳಲುತ್ತಿದ್ದಾರೆ. ಪುರುಷರಿಗಿಂತ ಸ್ತ್ರೀಯರಲ್ಲಿಯೂ, ಪಟ್ಟಣಕ್ಕಿಂತ ಹಳ್ಳಿಯಲ್ಲಿಯೂ ಇದು ಹೆಚ್ಚು. ಹಳ್ಳಿಯ ಅಧ್ಯಯನಕ್ಕೆ ಎಷ್ಟು ಬೆಲೆಯೆಂಬುದು ಇದರಿಂದ ತಿಳಿಯುತ್ತದೆ.

೮. ಮನೆಯವರು ಮಾಡಬೇಕಾದುದು

ಮೊದಲನೆಯದಾಗಿ, ಮರೆವೆಲ್ಲ ಆಲ್ಝೈಮರ್ ಅಲ್ಲ. ಬಿ-೧೨ ಜೀವಸತ್ತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ಮಾಂದ್ಯ, ಖಿನ್ನತೆ, ಬಿದ್ದ ಪೆಟ್ಟಿನಿಂದ ತಲೆಬುರುಡೆಯೊಳಗೆ ನಿಂತ ರಕ್ತ, ಕೆಲವು ನಿದ್ರೆಯ ಗುಳಿಗೆಗಳು ಇವೂ ಬುದ್ಧಿಯನ್ನು ಮಂಕಾಗಿಸುತ್ತವೆ, ಇವುಗಳಿಗೆ ಚಿಕಿತ್ಸೆಯುಂಟು. ಬಿ-೧೨ ಸಸ್ಯಾಹಾರದಲ್ಲಿ ದೊರೆಯುವುದಿಲ್ಲವಾದುದರಿಂದ, ಹಾಲು ಮೊಸರನ್ನೂ ಕಡಮೆ ಮಾಡಿದ ಸಸ್ಯಾಹಾ���ಿ ವೃದ್ಧರಲ್ಲಿ ಅದರ ಪರೀಕ್ಷೆ ಅಗತ್ಯ. ‘ವಯಸ್ಸಾಯಿತು’ ಎಂಬ ಒಂದು ಮಾತಿನಿಂದ ಗುಣವಾಗಬಹುದಾದ ರೋಗಿ ಕೈತಪ್ಪಿಹೋಗುವುದುಂಟು.

ಎರಡನೆಯದಾಗಿ, ಹಣಕಾಸಿನ ವ್ಯವಹಾರ. ಲೆಕ್ಕ ತಪ್ಪುವುದು, ಒಂದೇ ಬಿಲ್ಲನ್ನು ಎರಡು ಬಾರಿ ತೆರುವುದು, ರುಜು ಮೊದಲಿನಂತೆ ಬಾರದಿರುವುದು ಈ ರೋಗದ ಮೊದಲ ಗುರುತುಗಳಲ್ಲಿ ಸೇರಿವೆ. ರೋಗ ಬಲಿತ ಮೇಲೆ ನೋಡೋಣವೆಂದು ಕಾದ ಕುಟುಂಬಗಳು ದೊಡ್ಡ ಇಕ್ಕಟ್ಟಿಗೆ ಸಿಲುಕುತ್ತವೆ. ಅಧಿಕಾರಪತ್ರ ಕೊಟ್ಟವರ ಬುದ್ಧಿ ಸ್ವಸ್ಥವಾಗಿಲ್ಲದಿದ್ದರೆ, ೧೮೭೨ರ ಕರಾರು ಕಾಯಿದೆಯ ೨೦೧ನೆಯ ಕಲಮಿನಂತೆ, ಆ ಅಧಿಕಾರ ಅಲ್ಲಿಗೇ ಕೊನೆಗೊಳ್ಳುತ್ತದೆ. ಅಂದರೆ ಯಾವ ಕಾಲಕ್ಕೆ ಅದು ಬೇಕೋ ಆ ಕಾಲಕ್ಕೇ ಅದು ಇಲ್ಲವಾಗುತ್ತದೆ. ನಾಮನಿರ್ದೇಶನ ಮರಣಾನಂತರ ಮಾತ್ರ ಕೆಲಸಕ್ಕೆ ಬರುತ್ತದೆ. ಆದುದರಿಂದ ಜಂಟಿ ಖಾತೆ, ಉಯಿಲು, ಚಿಕಿತ್ಸೆಯ ಬಗೆಗಿನ ಇಚ್ಛೆ ಇವೆಲ್ಲವನ್ನೂ ಹಿರಿಯರ ಬುದ್ಧಿ ತಿಳಿಯಾಗಿರುವಾಗ, ಅವರ ಮನಸ್ಸಿನಂತೆಯೇ, ಗೊತ್ತುಮಾಡಿಕೊಳ್ಳಬೇಕು. ಇದು ಆಸ್ತಿಯ ಆಸೆಯಲ್ಲ. ಅವರ ಇಷ್ಟವನ್ನು ಅವರ ಬಾಯಿಂದಲೇ ಕೇಳಿಕೊಳ್ಳುವ ಗೌರವ.

ಮೂರನೆಯದಾಗಿ, ನೋಡಿಕೊಳ್ಳುವವರ ಪಾಡು. ಕೂಡುಕುಟುಂಬವನ್ನು ಊರಿನಲ್ಲಿ ಬಿಟ್ಟು ಬಂದವರ ಮನೆಯಲ್ಲಿ ಈ ಹೊರೆ ಹೆಚ್ಚಾಗಿ ಒಬ್ಬ ಸೊಸೆಯ ಅಥವಾ ಮಗಳ ಹೆಗಲ ಮೇಲೆ ಬೀಳುತ್ತದೆ. ೧೯೯೨ರಲ್ಲಿ ಕೇರಳದಲ್ಲಿ ಹುಟ್ಟಿದ ಆಲ್ಝೈಮರ್ಸ್ ಮತ್ತು ಸಂಬಂಧಿತ ರೋಗಗಳ ಸಂಘಕ್ಕೆ ಕೋಲ್ಕತ್ತದಲ್ಲಿಯೂ ಶಾಖೆಯುಂಟು; ಅಂತಹ ಸಂಸ್ಥೆಗಳ ಸಲಹೆಯನ್ನು ಪಡೆಯಬಹುದು. ಆದರೆ ಬಂಗಾಳಿಯನ್ನು ಮರೆತು ಕನ್ನಡವೊಂದನ್ನೇ ಉಳಿಸಿಕೊಂಡ ಹಿರಿಯರೊಡನೆ ವಾರಕ್ಕೊಮ್ಮೆ ಕುಳಿತು ಊರಿನ ಮಾತನಾಡುವ ಕೆಲಸವನ್ನು ವೈದ್ಯರು ಮಾಡಲಾರರು. ಒಂಟಿತನವೂ ರೋಗಕಾರಣಗಳ ಪಟ್ಟಿಯಲ್ಲಿರುವಾಗ, ಇದು ಬರಿಯ ಸೌಜನ್ಯವಲ್ಲ, ಚಿಕಿತ್ಸೆಯ ಒಂದು ಅಂಗವೇ ಸರಿ. ನಗರದ ಕನ್ನಡಿಗರು ಸರದಿಯ ಮೇಲೆ ಮಾಡಬಹುದಾದ, ಖರ್ಚಿಲ್ಲದ ಕಾರ್ಯವಿದು. ಪ್ರೋಟೀನುಗಳ ಲೆಕ್ಕವನ್ನು ಸರಿಪಡಿಸುವ ಔಷಧ ಬರುವವರೆಗೆ ಆ ಹಿರಿಯರು ಕಾಯಲಾರರು.